ಮನೆಗೆ ಮರಳಿದ ಮೇಲೆ: ವೇಮಗಲ್ಲಿನಲ್ಲೊಂದು ಮಂಡಲ

ಹೊಸ ಮನೆಯನ್ನು ಕಟ್ಟಿಸಿ ಒಳಹೊಗುವವರಿಗೆ ನಮ್ಮ ಸಮಾಜದಲ್ಲಿ ವಿಧಿವಿಧಾನಗಳುಂಟು. ಕರೆಯೋಲೆ ಅಚ್ಚಾಗುತ್ತದೆ, ಬಂಧುಬಳಗ ನೆರೆಯುತ್ತದೆ, ಗುರುಪಾದಪೂಜೆ ಜರುಗುತ್ತದೆ, ಬಂದವರೆಲ್ಲ ಪ್ರಸಾದ ಸ್ವೀಕರಿಸಿ ಹರಸಿ ಹೋಗುತ್ತಾರೆ. ಇದ್ದ ಮನೆಯನ್ನೇ ಬಿಚ್ಚಿ ಸರಿಪಡಿಸಿ, ಕೆಲವು ತಿಂಗಳು ಬೇರೆಡೆ ಬಾಡಿಗೆಗಿದ್ದು, ಮರಳಿ ಅದೇ ಹೊಸ್ತಿಲನ್ನು ದಾಟುವವರಿಗಾದರೋ ಅಂತಹ ದೊಡ್ಡ ವಿಧಿ ಯಾವುದೂ ಇಲ್ಲ. ಒಂದು ತಂಬಿಗೆ ಹಾಲು ಉಕ್ಕಿಸುತ್ತಾರೆ. ಮರುದಿನದಿಂದಲೇ ಎಂದಿನ ಓಡಾಟ. ಗುಡಿಯ ವಿಷಯದಲ್ಲಿ ‘ಜೀರ್ಣೋದ್ಧಾರ’ ಎಂಬ ಘನವಾದ ಮಾತನ್ನು ಬಳಸುವ ನಾವು ಮನೆಯ ವಿಷಯದಲ್ಲಿ ‘ರಿಪೇರಿ’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಗೋಡೆ ಸರಿಯಾಯಿತು, ಸೂರು ಸರಿಯಾಯಿತು. ಅದರೊಳಗೆ ಬಾಳುವವರು ಸರಿಯಾದರೇ ಎಂದು ಕೇಳುವವರು ವಿರಳ.

ಈಚೆಗೆ ಹಿರಿಯರು ಕಿರಿಯರೆನ್ನದೆ ಎಲ್ಲರ ಬಾಯಲ್ಲೂ ‘ರೀಚಾರ್ಜ್’ ಎಂಬ ಶಬ್ದ ನೆಲೆಸಿದೆ. ನಮ್ಮ ಕೋಲಾರ ಸೀಮೆಯಲ್ಲಿ ಅದಕ್ಕೆ ಮೂರು ಅರ್ಥಗಳಿವೆ. ಮೊಬೈಲಿಗೆ ಹಣ ತುಂಬಿಸುವುದು ಮೊದಲನೆಯದು. ಬತ್ತಿದ ಬಾವಿಗೆ, ಕೊಳವೆಬಾವಿಗೆ ಮಳೆಯ ನೀರನ್ನು ಇಂಗಿಸುವುದು ಎರಡನೆಯದು. ಇದನ್ನು ಸರ್ಕಾರದ ಕಾಗದಪತ್ರಗಳು ‘ಅಂತರ್ಜಲ ಮರುಪೂರಣ’ ಎನ್ನುತ್ತವೆ. ದಣಿದ ಮನುಷ್ಯನು ಕೆಲವು ದಿನ ಬಿಡುವು ಮಾಡಿಕೊಂಡು ಚೇತರಿಸಿಕೊಳ್ಳುವುದು ಮೂರನೆಯದು. ಮೊದಲನೆಯದು ಕ್ಷಣಮಾತ್ರದ ಕೆಲಸ. ಎರಡನೆಯದಕ್ಕೆ ಮಳೆಗಾಲಗಳೇ ಬೇಕು. ಮೂರನೆಯದು ಇವೆರಡರಲ್ಲಿ ಯಾವುದಕ್ಕೆ ಹತ್ತಿರವಾದುದು? ಕಳೆದ ವರ್ಷ ವೇಮಗಲ್ಲಿನ ನಮ್ಮ ಹಳೆಯ ಮನೆಯನ್ನು ಸರಿಪಡಿಸಿಕೊಂಡು ಮರಳಿ ಬಂದ ಮೇಲೆ ನಮಗೆ ಈ ಪ್ರಶ್ನೆಯೇ ಬಹುವಾಗಿ ಕಾಡಿತು. ಆ ಊರು, ಆ ಮನೆ, ಸುತ್ತಣ ಕೆರೆಗಳು ಕೊಟ್ಟ ಉತ್ತರವನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಕೋಲಾರದಿಂದ ಎಚ್. ಕ್ರಾಸ್, ವಿಜಯಪುರಗಳ ಕಡೆಗೆ ಸಾಗುವ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್ ಕ್ರಮಿಸಿದರೆ ವೇಮಗಲ್ ಸಿಗುತ್ತದೆ. ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರ. 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ವಿಧಾನಸಭೆಯಲ್ಲಿ ಈ ಊರಿನ ಹೆಸರಿನದೇ ಒಂದು ಕ್ಷೇತ್ರವಿತ್ತು. ಈಗ ಪಕ್ಕದ ಕುರುಗಲ್ ಗ್ರಾಮವನ್ನು ಕೂಡಿಸಿಕೊಂಡು ಪಟ್ಟಣ ಪಂಚಾಯಿತಿಯಾಗಿದೆ. ಇದು ಮೊರಸುನಾಡು. ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ನೆಲ. ಕೆಂಪು ಮಣ್ಣು, ಅದರಡಿ ಗಟ್ಟಿ ಬಂಡೆ, ಹೊಲದಲ್ಲಿ ರಾಗಿ, ತೋಟದಲ್ಲಿ ಹಿಪ್ಪುನೇರಳೆ ಮತ್ತು ಟೊಮೆಟೊ, ಬೆಳಗಿನ ಜಾವದಲ್ಲಿ ಹಾಲಿನ ಡೈರಿಯ ಮುಂದೆ ಕ್ಯಾನುಗಳ ಸಾಲು. ಚಳಿಗಾಲ ಬಂತೆಂದರೆ ಮನೆಮನೆಯಲ್ಲೂ ಹಿತಕಿದ ಅವರೆಬೇಳೆಯ ಸಾರಿನ ಪರಿಮಳ.

ಈ ಚಿತ್ರದ ಮಗ್ಗುಲಲ್ಲೇ ಇನ್ನೊಂದು ಚಿತ್ರ ಎದ್ದುನಿಂತಿದೆ. ನರಸಾಪುರದ ಹಾಗೆ ವೇಮಗಲ್ಲಿನಲ್ಲಿಯೂ ದೊಡ್ಡ ಕೈಗಾರಿಕಾ ಪ್ರದೇಶ ಬೆಳೆದಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಿಂದ ಅಂತರಿಕ್ಷಕ್ಕೇರಿದ ‘ಟಿಸ್ಯಾಟ್-1ಎ’ ಎಂಬ ಉಪಗ್ರಹವನ್ನು ಜೋಡಿಸಿದುದು ಇಲ್ಲಿಯ ಟಾಟಾ ಕಾರ್ಖಾನೆಯಲ್ಲಿ. ನಾವು ಬಾಲ್ಯದಲ್ಲಿ ಹುರುಳಿಕಾಯಿ ಬಿಡಿಸುತ್ತ ಕುಳಿತ ಕಣಗಳಿಂದ ಸ್ವಲ್ಪ ದೂರದಲ್ಲಿ ಇಂದು ಉಪಗ್ರಹಗಳು ಸಿದ್ಧವಾಗುತ್ತಿವೆ ಎಂಬುದು ಹೆಮ್ಮೆಯ ವಿಷಯವೇ ಸರಿ. ಇದರೊಡನೆ ನೆಲದ ಬೆಲೆಯೂ ಏರಿತು. ಹೊರಗಿನಿಂದ ಬಂದ ಕೆಲಸಗಾರರಿಗೆ ಬಾಡಿಗೆ ಕೊಠಡಿಗಳು ಬೇಕಾದವು. ಊರೊಳಗಿನ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ಜಾಗದಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದವು.

ನಮ್ಮ ಮನೆಯ ಮುಂದೆಯೂ ಇದೇ ಪ್ರಶ್ನೆ ಬಂದು ನಿಂತಿತು. ನಮ್ಮ ತಾತನವರು ಕಟ್ಟಿಸಿದ ಮನೆ ಅದು. ಈ ಸೀಮೆಯಲ್ಲಿ ಮರಕ್ಕಿಂತ ಕಲ್ಲು ಸುಲಭವಾಗಿ ದೊರೆಯುತ್ತಿದ್ದುದರಿಂದ ಮುಂಭಾಗದ ಪಡಸಾಲೆಗೆ ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಉದ್ದುದ್ದನೆಯ ಚಪ್ಪಡಿಗಳು. ಒಳಗೆ ನಡುಮನೆ, ಪೂಜಾಗೃಹ, ಅಡಿಗೆಮನೆ, ಮಣ್ಣಿನ ದಪ್ಪ ಗೋಡೆಗಳು, ಹಿಂಭಾಗಕ್ಕೆ ಹೆಂಚಿನ ಮಾಡು, ಹಿತ್ತಲಿನಲ್ಲೊಂದು ಬಾವಿ. ಮೂವತ್ತು ವರ್ಷಗಳ ಹಿಂದೆ ಊರೆಲ್ಲ ಮಾಡಿದಂತೆ ನಮ್ಮ ಮನೆಯ ಮಣ್ಣುಗೋಡೆಗಳಿಗೂ ಸಿಮೆಂಟಿನ ಗಿಲಾವು ಬಿದ್ದಿತ್ತು. ಮಣ್ಣು ತೇವವನ್ನು ಹೀರುತ್ತದೆ, ಬಿಡುತ್ತದೆ. ಅದು ಅದರ ಸ್ವಭಾವ. ಮೇಲೆ ಸಿಮೆಂಟು ಮುಚ್ಚಿಕೊಂಡಾಗ ಬುಡದಿಂದ ಏರಿದ ತೇವ ಹೊರಹೋಗಲಾರದೆ ಒಳಗೇ ನಿಲ್ಲುತ್ತದೆ. ಹಾಗಾಗಿ ಹೊರನೋಟಕ್ಕೆ ಗಟ್ಟಿಯಾಗಿ ಕಾಣುತ್ತಿದ್ದ ಗೋಡೆ ಒಳಗೊಳಗೇ ಪುಡಿಯಾಗುತ್ತ ಬಂದಿತ್ತು. ಹೆಂಚಿನ ಜಂತೆಗಳಿಗೆ ಗೆದ್ದಲು ಹಿಡಿದಿತ್ತು. ಮಳೆ ಬಂದರೆ ಅಡಿಗೆಮನೆಯಲ್ಲಿ ನಾಲ್ಕು ಪಾತ್ರೆಗಳನ್ನು ಇಡಬೇಕಾಗಿತ್ತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಚಿರಂಜೀವಿ ಲೆಕ್ಕಾಚಾರದೊಡನೆ ಬಂದ. “ಅಪ್ಪಾಜಿ, ರಿಪೇರಿಗೆ ಹಾಕುವ ಹಣಕ್ಕೆ ಇನ್ನಷ್ಟು ಸಾಲ ಸೇರಿಸಿದರೆ ಮೂರಂತಸ್ತು ಎಬ್ಬಿಸಬಹುದು. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಕೊಠಡಿಗಳು. ನಿಮಗೂ ಅಮ್ಮನಿಗೂ ಕೊನೆಯವರೆಗೆ ಚಿಂತೆಯಿಲ್ಲ,” ಎಂದ. ಅವನ ಮಾತಿನಲ್ಲಿ ಲೋಭವಿರಲಿಲ್ಲ; ತಂದೆತಾಯಿಗಳ ಮುಪ್ಪಿನ ಚಿಂತೆಯಿತ್ತು. ಪಿಂಚಣಿಯ ಮೇಲೆ ಬದುಕುವ ನಮಗೂ ಆ ಲೆಕ್ಕ ತಪ್ಪೆಂದು ತೋರಲಿಲ್ಲ. ಮೂರು ದಿನ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಕಡೆಗೆ ನಮ್ಮ ಗೃಹಿಣಿಯವರು, “ಬಾಡಿಗೆ ಬರುತ್ತೆ ಕಣಪ್ಪ, ಬೇಡ ಅನ್ನೋಲ್ಲ. ಆದರೆ ಹಬ್ಬಕ್ಕೆ ನೀನು ಮಕ್ಕಳನ್ನ ಕರಕೊಂಡು ಬಂದರೆ ಕೂರೋದು ಎಲ್ಲಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅವನ ಲೆಕ್ಕದ ಹಾಳೆಯಲ್ಲಿ ಉತ್ತರವಿರಲಿಲ್ಲ. ಮನೆಯನ್ನು ಉರುಳಿಸದೆ ಉಳಿಸಿಕೊಳ್ಳುವುದೆಂದೂ, ಬಚ್ಚಲಿಗೆ ಜಾರದ ನೆಲ, ಗೋಡೆಗೆ ಹಿಡಿಕೆ, ರಾತ್ರಿಯ ವೇಳೆಗೆ ಬೆಳಕು ಮೊದಲಾದ ಮುಪ್ಪಿನ ಅನುಕೂಲಗಳನ್ನು ಅವನ ಇಚ್ಛೆಯಂತೆಯೇ ಮಾಡಿಸುವುದೆಂದೂ ತೀರ್ಮಾನವಾಯಿತು. 2024ರ ದೀಪಾವಳಿ ಕಳೆದ ಮೇಲೆ ಸಾಮಾನು ಸರಂಜಾಮು ಕಟ್ಟಿಕೊಂಡು ಕೋಲಾರದ ಗಲ್‌ಪೇಟೆಯಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು.

ಮನೆಯ ಕೆಲಸ ಮೂರು ತಿಂಗಳಿನದೆಂದು ಭಾವಿಸಿದ್ದೆವು. ಒಂಬತ್ತು ತಿಂಗಳು ಹಿಡಿಯಿತು. ಸಿಮೆಂಟಿನ ಗಿಲಾವನ್ನು ಕಿತ್ತು, ಗೋಡೆಯನ್ನು ಒಣಗಲು ಬಿಟ್ಟು, ಅನಂತರ ಸುಣ್ಣದ ಗಾರೆಯನ್ನು ಹಚ್ಚಬೇಕಾಗಿತ್ತು. ಗಾರೆಯ ಕೆಲಸ ಬಲ್ಲವರು ಇಂದು ಅಪರೂಪ. ಹುಡುಕಿ ಹುಡುಕಿ ಎಪ್ಪತ್ತರ ಹತ್ತಿರದ ಒಬ್ಬ ಗಾರೆಯವರನ್ನು ಕರೆತಂದೆವು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ತೊಟ್ಟಿಯಲ್ಲಿ ನೆನೆಯಿಟ್ಟು, ಮರಳು ಬೆರೆಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಸೇರಿಸಿ ಹದ ಮಾಡುವುದು ಅವರ ಕ್ರಮ. ವಾರ ಕಳೆದರೂ ಗೋಡೆಗೆ ಕರಣೆ ಮುಟ್ಟಿಸದಿದ್ದುದನ್ನು ಕಂಡು ನಾವು ಕಾರಣ ಕೇಳಿದೆವು. “ಮೇಷ್ಟ್ರೇ, ಸಿಮೆಂಟು ಒಂದು ರಾತ್ರಿಗೆ ಗಟ್ಟಿ ಆಗ್ತದೆ. ಸುಣ್ಣ ಗಾಳಿ ಕುಡಿದು ಕುಡಿದು ಗಟ್ಟಿ ಆಗ್ಬೇಕು. ಅದನ್ನ ನೂಕೋಕಾಗಲ್ಲ,” ಎಂದರು.

ಅವರಾಡಿದುದು ಶಾಸ್ತ್ರಸಮ್ಮತವಾದ ಮಾತು. ಅರಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ನಿಧಾನವಾಗಿ ಹೀರಿಕೊಂಡು, ತಿಂಗಳುಗಳಲ್ಲಿ, ಒಮ್ಮೊಮ್ಮೆ ವರ್ಷಗಳಲ್ಲಿ, ಮರಳಿ ಸುಣ್ಣದ ಕಲ್ಲಾಗುತ್ತದೆ. ಮೊದಲು ಕಲ್ಲು, ಬೆಂಕಿಗೆ ಬಿದ್ದು ಬಿಳಿಯ ಗಡ್ಡೆ, ನೀರಿಗೆ ಬಿದ್ದು ಬೆಣ್ಣೆ, ಗೋಡೆಗೇರಿ ಮತ್ತೆ ಕಲ್ಲು. ಗಾರೆಯ ಗೋಡೆ ಮಣ್ಣಿನಂತೆಯೇ ತೇವವನ್ನು ಹೊರಗೆ ಬಿಡುತ್ತದೆ. ಕೆಲಸಗಾರ ಕೈ ತೊಳೆದುಕೊಂಡು ಹೊರಟುಹೋದ ಮೇಲೂ ಅದರ ಕೆಲಸ ನಡೆದೇ ಇರುತ್ತದೆ.

ಇದೇ ಸಮಯದಲ್ಲಿ ಹಿತ್ತಲಿನ ಬಾವಿಯ ವಿಚಾರವೂ ಬಂತು. ಅದು ಬತ್ತಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಮುಚ್ಚಿ ಸಮಮಾಡಿದರೆ ಕಾರು ನಿಲ್ಲಿಸಲು ಜಾಗವಾಗುತ್ತದೆಂದು ಹಲವರು ಸೂಚಿಸಿದರು. ಮುಚ್ಚಲು ನಮಗೆ ಮನಸ್ಸೊಪ್ಪಲಿಲ್ಲ. ಹೂಳೆತ್ತಿಸಿ, ಮಾಡಿನ ನೀರೆಲ್ಲ ಒಂದು ಕೊಳವೆಗೆ ಕೂಡುವಂತೆ ಮಾಡಿ, ದಪ್ಪ ಕಲ್ಲು, ಜಲ್ಲಿ, ಇದ್ದಿಲು, ಮರಳುಗಳ ಪದರಗಳುಳ್ಳ ಒಂದು ಸೋಸುತೊಟ್ಟಿಯ ಮೂಲಕ ಬಾವಿಗೆ ಬಿಡಿಸಿದೆವು. ವರ್ಷದ ಮೊದಲ ಮಳೆಯಲ್ಲಿ ಮಾಡಿನ ಧೂಳು ಕಸಗಳು ತೊಳೆದು ಬರುವುದರಿಂದ ಆ ನೀರನ್ನು ಹೊರಗೆ ಹರಿಸಲು ಬೇರೊಂದು ಕೀಲು. ಲೆಕ್ಕ ಸುಲಭವಾದುದು. ಕೋಲಾರ ಸೀಮೆಯ ವಾರ್ಷಿಕ ಸರಾಸರಿ ಮಳೆ ಸುಮಾರು 700 ಮಿಲಿಮೀಟರ್ ಎಂದು ಹಿಡಿದರೆ, 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 70,000 ಲೀಟರ್ ನೀರು ಬೀಳುತ್ತದೆ. ಆವಿಯಾಗಿ, ಚೆಲ್ಲಿ ಐದರಲ್ಲೊಂದು ಪಾಲು ಹೋದರೂ 56,000 ಲೀಟರ್ ಉಳಿಯುತ್ತದೆ. ಅಷ್ಟು ನೀರು ಇಷ್ಟು ವರ್ಷ ಮನೆಯ ಮುಂದಿನ ಚರಂಡಿಗೆ ಹೋಗುತ್ತಿತ್ತು.

2025ರ ಆಷಾಢ ಕಳೆದು ಶ್ರಾವಣ ಹುಟ್ಟಿದ ವಾರದಲ್ಲಿ ನಾವು ಮರಳಿ ಮನೆಗೆ ಬಂದೆವು. ಹಾಲುಕ್ಕಿಸಿ, ಪೂಜಾಗೃಹದಲ್ಲಿ ದೀಪ ಬೆಳಗಿಸಿ, ಲಿಂಗಪೂಜೆ ಮುಗಿಸಿ, ನೆರೆಹೊರೆಯವರೊಡನೆ ಪ್ರಸಾದ ಸ್ವೀಕರಿಸಿದೆವು. ಮನೆ ಅಚ್ಚುಕಟ್ಟಾಗಿತ್ತು, ನಾವಾದರೋ ಬಳಲಿ ಬೆಂಡಾಗಿದ್ದೆವು. ಒಂಬತ್ತು ತಿಂಗಳು ಕೋಲಾರಕ್ಕೂ ವೇಮಗಲ್ಲಿಗೂ ಬಸ್ಸಿನಲ್ಲಿ ತಿರುಗಿದ ಆಯಾಸ, ಲೆಕ್ಕಪತ್ರದ ತಲೆನೋವು, ಮುರಿದ ಸಾಮಾನುಗಳ ಚಿಂತೆ ಎಲ್ಲವೂ ಒಟ್ಟಿಗೆ ಮೈಮೇಲೆ ಬಂದವು. ಪುಸ್ತಕಗಳ ಮೂವತ್ತು ಪೆಟ್ಟಿಗೆಗಳು ನಡುಮನೆಯಲ್ಲಿ ಹಾಗೆಯೇ ಬಿದ್ದಿದ್ದವು. ಮನೆ ನೋಡಲು ಬರುವವರು ದಿನಕ್ಕೆ ಹತ್ತು ಮಂದಿ. ಶ್ರಾವಣದ ಉಪನ್ಯಾಸಗಳಿಗೆ ಕರೆಗಳು ಬೇರೆ. ರಾತ್ರಿ ಎದ್ದರೆ ಯಾವ ಬಾಗಿಲು ಎಲ್ಲಿದೆಯೆಂದು ಕತ್ತಲಲ್ಲಿ ಕೈಗೆ ತಿಳಿಯುತ್ತಿರಲಿಲ್ಲ. ಹುಟ್ಟಿ ಬೆಳೆದ ಮನೆಯೇ ಅಪರಿಚಿತವಾಗಿತ್ತು. ಹತ್ತನೆಯ ದಿನ ನಮ್ಮ ಗೃಹಿಣಿಯವರು, “ನೋಡಿ, ಗೋಡೆಗೆ ಒಣಗೋಕೆ ಬಿಟ್ಟಿರಲ್ಲ, ನಮ್ಮನ್ನೂ ಸ್ವಲ್ಪ ಬಿಡಿ,” ಎಂದರು. ಅಂದೇ ನಾವಿಬ್ಬರೂ ಒಂದು ಸಂಕಲ್ಪ ಮಾಡಿಕೊಂಡೆವು: ಒಂದು ಮಂಡಲ ಕಾಲ, ಅಂದರೆ 48 ದಿನ, ಊರುಬಿಟ್ಟು ದೂರ ಹೋಗುವುದಿಲ್ಲ, ಸಭೆ ಸಮಾರಂಭ ಒಪ್ಪಿಕೊಳ್ಳುವುದಿಲ್ಲ, ದೂರವಾಣಿ ಸಂಜೆ ಒಂದು ಗಂಟೆ ಮಾತ್ರ, ಪೆಟ್ಟಿಗೆಗಳನ್ನು ದಿನಕ್ಕೊಂದರಂತೆ ಬಿಚ್ಚುವುದು.

ಈ ಸಂಕಲ್ಪ ಹೇಳಿದಷ್ಟು ಸುಲಭವಾಗಿರಲಿಲ್ಲ. ಕಾಯಕವನ್ನು ಬಾಳಿನ ಉಸಿರೆಂದು ನಂಬಿದ ಸಮಾಜ ನಮ್ಮದು. ಬಾಲ್ಯದಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯದಲ್ಲಿ ಓದಿದ ನಮಗೆ ಬೆಳಗಿನ ಜಾವದಿಂದ ರಾತ್ರಿ ಮಲಗುವವರೆಗೆ ಗಳಿಗೆಗೊಂದು ಕೆಲಸವೆಂಬ ಶಿಸ್ತು ಮೈಗೂಡಿದೆ. ಸುಮ್ಮನೆ ಕುಳಿತರೆ ಯಾರೋ ಹಿಂದಿನಿಂದ ನೋಡುತ್ತಿದ್ದಾರೆಂಬ ಅಳುಕು. ನಮ್ಮ ಓರಗೆಯ ಅನೇಕ ನಿವೃತ್ತರಲ್ಲಿ ಈ ಅಳುಕನ್ನು ಕಂಡಿದ್ದೇವೆ. ನಿವೃತ್ತರಾದ ಮರುದಿನವೇ ಮೂರು ಸಂಘಗಳ ಪದಾಧಿಕಾರಿಗಳಾಗುತ್ತಾರೆ. ಮನೆ ಕಟ್ಟಿ ಮುಗಿಸಿದ ಮರುತಿಂಗಳೇ ಮತ್ತೊಂದು ನಿವೇಶನ ನೋಡಲು ಹೊರಡುತ್ತಾರೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತ ‘ಬಿಡುವೇ ಇಲ್ಲ’ ಎಂದು ಹೆಮ್ಮೆಪಡುತ್ತಾರೆ.

ಆದರೆ ಅದೇ ಮಠದ ದಿನಚರಿಯಲ್ಲಿ ಇನ್ನೊಂದು ಪಾಠವೂ ಇತ್ತು. ಪೂಜೆಯ ವೇಳೆಗೆ ಕೆಲಸವೆಲ್ಲ ನಿಲ್ಲುತ್ತಿತ್ತು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತವನು ಲೋಕದ ಕಣ್ಣಿಗೆ ಏನನ್ನೂ ಮಾಡುತ್ತಿಲ್ಲ. ಆ ನಿಲುಗಡೆಯಿಂದಲೇ ಉಳಿದ ಹೊತ್ತಿನ ಕಾಯಕಕ್ಕೆ ಕಸುವು ಬರುತ್ತದೆ. ರೈತನಿಗೂ ಇದು ಗೊತ್ತು. ಉತ್ತು ದಣಿದ ಎತ್ತುಗಳನ್ನು ನಡುಹಗಲಲ್ಲಿ ನೊಗದಿಂದ ಬಿಡುವವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಹೊಲವನ್ನು ಒಂದು ಬೆಳೆ ಬೀಳುಬಿಡುವುದೂ ಬೇಸಾಯವೇ. ಹೀಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡು ನಾವು ಮಂಡಲವನ್ನು ಆರಂಭಿಸಿದೆವು. ಬೆಳಗ್ಗೆ ಪೂಜೆ, ಅನಂತರ ಒಂದು ಪೆಟ್ಟಿಗೆಯ ಪುಸ್ತಕಗಳನ್ನು ಒರೆಸಿ ಜೋಡಿಸುವುದು, ಮಧ್ಯಾಹ್ನ ಚಪ್ಪಡಿಯ ತಂಪಿನಲ್ಲಿ ಓದು ಅಥವಾ ನಿದ್ರೆ, ಸಂಜೆ ನಡಿಗೆ. ಇಷ್ಟೇ.

ಸಂಜೆಯ ನಡಿಗೆಗಳೇ ನಮಗೆ ಊರನ್ನು ಮರಳಿ ಪರಿಚಯಿಸಿದವು. ಒಂದು ಭಾನುವಾರ ಬೆಳಗ್ಗೆಯೇ ಹೊರಟು, ಹತ್ತಿರದ ಸೀತಿಬೆಟ್ಟಕ್ಕೆ ಹೋದೆವು. ಭೈರವೇಶ್ವರನ ನೆಲೆಯಾದ ಈ ಬೆಟ್ಟವು ಮೊರಸುನಾಡಿನ ಹಳೆಯ ಯಾತ್ರಾಸ್ಥಳ. ಮೆಟ್ಟಿಲುಗಳನ್ನು ಹತ್ತಿ, ದರ್ಶನ ಮುಗಿಸಿ, ಬಂಡೆಯ ಮೇಲೆ ಕುಳಿತು ಕೆಳಗೆ ನೋಡಿದರೆ ನಾಡಿನ ಚರಿತ್ರೆಯೆಲ್ಲ ಹಾಸಿದಂತೆ ಕಾಣುತ್ತದೆ. ಒಂದು ಕಡೆ ಕಾರ್ಖಾನೆಗಳ ನೀಲಿ ಬಿಳಿ ತಗಡಿನ ಮಾಡುಗಳು; ಇನ್ನೊಂದು ಕಡೆ ನೀಲಗಿರಿ ತೋಪುಗಳ ಮಾಸಲು ಹಸಿರು; ನಡುನಡುವೆ ಒಡ್ಡು ಕಟ್ಟಿದ ಕೆರೆಗಳು.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಪಾಲಾರ್, ದಕ್ಷಿಣ ಪಿನಾಕಿನಿಗಳ ಹೆಸರು ನಕಾಶೆಯಲ್ಲಿದೆ. ಬೇಸಿಗೆಯಲ್ಲಿ ಅವುಗಳ ಪಾತ್ರದಲ್ಲಿ ಕಾಣುವುದು ಮರಳು ಮತ್ತು ಜಾಲಿ. ಆದುದರಿಂದಲೇ ನಮ್ಮ ಹಿರಿಯರು ಮಳೆಯ ನೀರನ್ನು ನಿಲ್ಲಿಸುವ ವಿದ್ಯೆಯನ್ನು ಸಾಧಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ತೆರೆದು ಮುಚ್ಚಲು ನೀರಗಂಟಿ. ಗದ್ದೆಗೆ ನೀರುಣಿಸುವುದು ಕೆರೆಯ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಇನ್ನೊಂದಿತ್ತು. ತಿಂಗಳುಗಟ್ಟಲೆ ನಿಂತ ನೀರು ಮೆಲ್ಲಮೆಲ್ಲನೆ ನೆಲಕ್ಕಿಳಿದು, ಬಂಡೆಯ ಬಿರುಕುಗಳನ್ನು ಸೇರಿ, ಸುತ್ತಣ ಬಾವಿಗಳಲ್ಲಿ ಊಟೆಯಾಗಿ ಏಳುತ್ತಿತ್ತು. ಕೊಳವೆಬಾವಿಗಳು ಬಂದವು, ಕೆರೆಗಳನ್ನು ಮರೆತೆವು, ಕಾಲುವೆಗಳು ಮುಚ್ಚಿಹೋದವು, ಹೊಲಗಳಲ್ಲಿ ನೀಲಗಿರಿ ಹಬ್ಬಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ವೇಳೆಗೆ ಈ ಸೀಮೆಯ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿದ್ದವು. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಅನಾದಿಯಿಂದ ಕೂಡಿದ್ದ ನೀರನ್ನು ಒಂದೆರಡು ತಲೆಮಾರುಗಳಲ್ಲಿ ಎತ್ತಿ ಮುಗಿಸಿದೆವು. ಆದಾಯವಿಲ್ಲದ ವೆಚ್ಚಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಬತ್ತಿದ ನೆಲ ಮತ್ತೆ ತುಂಬುವುದೆಂತು ಎಂಬುದನ್ನು ಕಣ್ಣಾರೆ ಕಾಣಬೇಕೆಂದು ಮಂಡಲ ಮುಗಿದ ವಾರದಲ್ಲಿ ನರಸಾಪುರ, ಲಕ್ಷ್ಮೀಸಾಗರ ಕೆರೆಗಳ ಕಡೆಗೆ ಹೋದೆವು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳಲ್ಲಿ ಸಂಗ್ರಹವಾಗುವ ಬಳಸಿದ ನೀರನ್ನು ಸಂಸ್ಕರಿಸಿ, ಕೊಳವೆಯ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊತ್ತಮೊದಲು ಬಂದು ತಲುಪಿದುದು ಈ ಲಕ್ಷ್ಮೀಸಾಗರ ಕೆರೆಗೆ. ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆಗಳು ಎಂಬುದು ಯೋಜನೆಯ ಗಾತ್ರ. ಅಲ್ಲಿಂದ ಮುಂದೆ ಹಳೆಯ ಕೋಡಿ ಕಾಲುವೆಗಳ ಸರಣಿಯೇ ನೀರನ್ನು ಕೆರೆಯಿಂದ ಕೆರೆಗೆ ಕೊಂಡೊಯ್ಯುತ್ತದೆ. ನಮ್ಮ ಪೂರ್ವಿಕರ ಆ ಜೋಡಣೆ ಶತಮಾನಗಳ ಮೇಲೂ ಉಪಯೋಗಕ್ಕೆ ಬಂದಿತು ಎಂಬುದು ಗಮನಾರ್ಹ.

ಈ ನೀರನ್ನು ನೇರವಾಗಿ ಎತ್ತಿ ಬೆಳೆಗೆ ಹಾಯಿಸುವಂತಿಲ್ಲ. ನಿಂತು ಇಂಗುವುದಷ್ಟೇ ಅದಕ್ಕೆ ವಿಧಿಸಿದ ಕೆಲಸ. ಒಣಗಿ ಬಿರಿದಿದ್ದ ಕೆರೆಯಂಗಳದಲ್ಲಿ ನೀರು ನಿಂತ ಮೇಲೆ ಸುತ್ತಣ ಬಾವಿಗಳಲ್ಲಿ ಜಲಮಟ್ಟ ಏರಿದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ನಾವು ಕಂಡ ದಿನ ಕೆರೆಯ ತುಂಬ ನೀರಿತ್ತು, ಬೆಳ್ಳಕ್ಕಿಗಳಿದ್ದವು. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರು, ತಮ್ಮ ಬಾವಿಗೆ ನೀರು ಕಾಣಲು ಎರಡು ವರ್ಷ ಹಿಡಿಯಿತೆಂದೂ, ಮೊದಲ ವರ್ಷ ನಂಬಿಕೆಯೇ ಹೋಗಿತ್ತೆಂದೂ ಹೇಳಿದರು.

ಈ ಕಥೆಗೆ ಇನ್ನೊಂದು ಮುಖವಿದೆ. 2018ರ ಜುಲೈನಲ್ಲಿ, ನೀರು ಬಂದು ಎರಡು ತಿಂಗಳು ತುಂಬುವ ಮುನ್ನವೇ, ನೊರೆ ಕಾಣಿಸಿಕೊಂಡಿತು. ಬೆಳ್ಳಂದೂರು ಕೆರೆಯ ನೊರೆ ಬೆಂಕಿಗಳ ಸುದ್ದಿಯನ್ನು ಓದಿದ್ದ ಜನ ಬೆಚ್ಚಿದರು. ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅನಂತರ ನೀರು ಮತ್ತೆ ಹರಿಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕೆಂಬುದು ಜಿಲ್ಲೆಯ ರೈತರ ಬಹುಕಾಲದ ಬೇಡಿಕೆ. ಅವರ ಆತಂಕ ಸಾಧಾರವಾದುದು. ಮೇಲೆ ಹರಿಯುವ ನೀರು ಕೆಟ್ಟರೆ ಒಂದು ಮಳೆ ತೊಳೆದೀತು. ಕೆಟ್ಟ ನೀರು ಬಂಡೆಯ ಬಿರುಕಿಗೆ ಇಳಿದರೆ ಅದನ್ನು ತೊಳೆಯುವವರಾರು? ತುಂಬಿಸಬೇಕೆಂಬ ಅವಸರದಲ್ಲಿ ಏನನ್ನು ತುಂಬಿಸುತ್ತಿದ್ದೇವೆ ಎಂಬುದನ್ನು ಮರೆಯುವಂತಿಲ್ಲ.

ಏರಿಯ ಮೇಲೆ ನಿಂತಾಗ ನಮ್ಮ ಮೂರನೆಯ ‘ರೀಚಾರ್ಜ್’ಗೆ ಉತ್ತರ ದೊರೆತಂತಾಯಿತು. ಮನುಷ್ಯನು ಈ ವಿಷಯದಲ್ಲಿ ಮೊಬೈಲಿನ ಜಾತಿಗೆ ಸೇರಿದವನಲ್ಲ, ನೆಲದ ಜಾತಿಗೆ ಸೇರಿದವನು. ವರ್ಷಾನುಗಟ್ಟಲೆ ಎತ್ತಿ ಬರಿದಾದ ಮನಸ್ಸು ಒಂದು ಭಾನುವಾರದ ಪ್ರವಾಸದಿಂದ ತುಂಬಲಾರದು. ಓಡುವ ನೀರು ಎಷ್ಟಿದ್ದರೂ ನೆಲಕ್ಕಿಳಿಯುವುದು ಕಡಿಮೆ. ನಿಂತ ನೀರು ಸ್ವಲ್ಪವಾದರೂ ಇಂಗುತ್ತದೆ. ಹಾಗೆಯೇ ಬಿಡುವಿನ ಹೊತ್ತನ್ನು ಯಾವುದರಿಂದ ತುಂಬುತ್ತೇವೆಂಬುದೂ ಮುಖ್ಯ. ವಿಶ್ರಾಂತಿಯೆಂಬ ಹೆಸರಿನಲ್ಲಿ ಹಗಲಿರುಳು ದೂರದರ್ಶನದ ಧಾರಾವಾಹಿಗಳನ್ನೂ, ಮೊಬೈಲಿನ ಜಗಳಗಳನ್ನೂ ಒಳಗೆ ಬಿಟ್ಟುಕೊಳ್ಳುವುದು ಸೋಸದ ನೀರನ್ನು ಬಾವಿಗೆ ಬಿಟ್ಟಂತೆ. ಬಾವಿ ತುಂಬೀತು, ಕುಡಿಯಲು ಬಾರದು. ಪೂಜೆ, ಸದ್ಗ್ರಂಥಗಳ ಓದು, ಮನೆಯವರೊಡನೆ ಮಾತು, ನಡಿಗೆ, ನಿದ್ರೆ ಇವು ಮನಸ್ಸಿನ ಜಲ್ಲಿ, ಇದ್ದಿಲು, ಮರಳುಗಳು.

ಮಂಡಲದ ಫಲವೇನೆಂದು ಕೇಳುವ ವಾಚಕರಿಗೆ ದೊಡ್ಡ ಪವಾಡಗಳನ್ನು ಹೇಳಲು ನಮ್ಮಲ್ಲಿಲ್ಲ. ಮೂವತ್ತು ಪೆಟ್ಟಿಗೆಗಳೂ ಬರಿದಾದವು. ಇಪ್ಪತ್ತು ವರ್ಷಗಳಿಂದ ಅಣ್ಣತಮ್ಮಂದಿರೊಡನೆ ಆಡಬೇಕೆಂದು ಮುಂದೂಡಿದ್ದ ಕೆಲವು ಮಾತುಗಳನ್ನು ಆಡಿ ಮುಗಿಸಿದೆವು. ನಮ್ಮ ಗೃಹಿಣಿಯವರ ಮಂಡಿನೋವು ತಹಬಂದಿಗೆ ಬಂದಿತು. ಕತ್ತಲಲ್ಲಿ ಬಾಗಿಲು ಕೈಗೆ ಸಿಗತೊಡಗಿತು. ಮನೆ ನಮ್ಮದಾಯಿತೆನ್ನಲು ಅದಕ್ಕಿಂತ ಬೇರೆ ಗುರುತು ಬೇಡ.

ಮನೆಯನ್ನು ಸರಿಪಡಿಸಿಕೊಂಡು ಮರಳುವ ಸದ್ಭಕ್ತ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟು. ಗಿಲಾವಿಗೆ, ಬಣ್ಣಕ್ಕೆ, ಮರಗೆಲಸಕ್ಕೆ ಕಾಲವನ್ನು ಲೆಕ್ಕ ಹಾಕುವಂತೆ, ಮರಳಿದ ಮೇಲೆ ನೆಲೆಗೊಳ್ಳುವುದಕ್ಕೂ ಕಾಲವನ್ನು ಎತ್ತಿಡಿರಿ. ಮಂಡಲ ಸಾಧ್ಯವಿಲ್ಲದವರು ಒಂದು ವಾರವನ್ನಾದರೂ ಇಡಿರಿ. ಉದ್ಯೋಗಕ್ಕೆ ಹೋಗುವ ಮಕ್ಕಳು ಸಂಜೆಯ ಒಂದು ಗಂಟೆಯನ್ನು ಇಡಲಿ. ಮನೆಯ ಕೆಲಸದ ಭಾರವೆಲ್ಲ ಹೆಣ್ಣುಮಕ್ಕಳ ಮೇಲೆಯೇ ಬೀಳುವುದರಿಂದ ಅವರ ಬಿಡುವನ್ನು ಮೊದಲು ಎಣಿಸಿರಿ. ಅವರಿಗೆ ಬಿಡುವಿಲ್ಲದ ಮನೆಯಲ್ಲಿ ಉಳಿದವರ ವಿಶ್ರಾಂತಿ ಕೇವಲ ಸೇವೆ ಪಡೆಯುವುದಾದೀತು. ಹಿರಿಯರ ಕಟ್ಟಡವನ್ನು ಉರುಳಿಸುವ ಮುನ್ನ ಸರಿಪಡಿಸಬಹುದೇ ಎಂದು ಒಮ್ಮೆ ಬಲ್ಲವರನ್ನು ಕೇಳಿರಿ. ಮಾಡಿನ ನೀರು ಚರಂಡಿಗೆ ಹೋಗದಂತೆ ಒಂದು ಇಂಗುಗುಂಡಿಯನ್ನಾದರೂ ತೋಡಿಸಿರಿ. ಮನೆ ತುಂಬುವುದೆಂದರೆ ಅದರಡಿಯ ನೆಲವೂ ತುಂಬುವುದು.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕೋಲಾರ ಸೀಮೆಗೆ ಹೆಚ್ಚಿನ ಮಳೆ. 2025ರ ದೀಪಾವಳಿಗೆ ಚಿರಂಜೀವಿ ಸಂಸಾರ ಸಮೇತ ಬಂದ. ಬೆಳಗ್ಗೆ ಮೊಮ್ಮಕ್ಕಳು ಹಿತ್ತಲಿನ ಬಾವಿಯ ಕಟ್ಟೆಯ ಮೇಲೆ ಬಗ್ಗಿ ಕೂಗಿದರೆ ಕೆಳಗಿನಿಂದ ತಂಪಾದ ಮಾರ್ದನಿ ಬಂತು. ತಳದಲ್ಲಿ ನೀರಿತ್ತು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೋಡಿದಾಗ ಮೊಣಕಾಲುದ್ದ. ಕೊಡ ಮುಳುಗುವಷ್ಟಿಲ್ಲ. ಬೇಸಿಗೆಗೆ ಉಳಿದೀತೆಂಬ ಭರವಸೆಯೂ ಇಲ್ಲ. ಚಿರಂಜೀವಿ ಬಹಳ ಹೊತ್ತು ಅಲ್ಲಿಯೇ ನಿಂತಿದ್ದು, “ಅಪ್ಪಾಜಿ, ಮುಂದಿನ ವರ್ಷ ಇನ್ನೂ ಸ್ವಲ್ಪ ಏರುತ್ತದೆಯೇ?” ಎಂದು ಕೇಳಿದ. ಮಳೆ ಬಂದರೆ ಏರುತ್ತದೆ ಎಂದೆವು. ಎರಡು ದಿನಕ್ಕೆಂದು ಬಂದವನು ಆ ಸಲ ನಾಲ್ಕು ದಿನ ಉಳಿದು, ಪಡಸಾಲೆಯ ಚಪ್ಪಡಿಯ ಕೆಳಗೆ ಮಕ್ಕಳೊಡನೆ ಮಲಗಿ ಹೋದ.